ಗೋದಾಮಿನ ತುಂಬ ಹಳೆಯ ಕಾರಿನ ಬಿಡಿಭಾಗ: ಬೆಲೆ ಕಟ್ಟುವುದು ಹೇಗೆ?

ನಲವತ್ತು ವರ್ಷ ಮೋಟಾರು ಬಿಡಿಭಾಗಗಳ ಅಂಗಡಿ ನಡೆಸಿದವರೊಬ್ಬರು ತೀರಿಕೊಂಡರು ಎಂದಿಟ್ಟುಕೊಳ್ಳಿ. ಅಂಗಡಿಯ ಹಿಂದಿನ ಗೋದಾಮಿನಲ್ಲಿ ನೆಲದಿಂದ ಸೂರಿನವರೆಗೆ ಪೆಟ್ಟಿಗೆಗಳು. ಒಳಗೆ ಅಂಬಾಸಡರ್, ಫಿಯೆಟ್, ಅದಕ್ಕೂ ಹಿಂದಿನ ಮಾರಿಸ್ ಕಾರುಗಳ ಸಾಮಾನು. ಕಾಲ ಹಳೆಯದು, ಆದರೆ ಯಾವ ಕಾರಿಗೂ ಹಾಕದ ಹೊಸ ಸಾಮಾನು. ಮಕ್ಕಳು ಬೇರೆ ಉದ್ಯೋಗದಲ್ಲಿದ್ದಾರೆ. ಗುಜರಿಯವರು ಬಂದು ಕಿಲೋ ಲೆಕ್ಕದಲ್ಲಿ ಒಂದು ಮೊತ್ತ ಹೇಳುತ್ತಾರೆ. ಹಳೆಯ ಕಾರುಗಳ ಹವ್ಯಾಸಿಯೊಬ್ಬರು ತಮಗೆ ಬೇಕಾದ ಇಪ್ಪತ್ತು ಸಾಮಾನು ಆರಿಸಿಕೊಂಡು ಕೈತುಂಬ ಹಣ ಕೊಡಲು ಸಿದ್ಧ. ನೆಂಟರೊಬ್ಬರು ಮಾತ್ರ, 'ಇವೆಲ್ಲ ಈಗ ಎಲ್ಲಿ ಸಿಗುತ್ತವೆ? ಲಕ್ಷಾಂತರ ರೂಪಾಯಿಯ ಆಸ್ತಿ. ಒಂದನ್ನೂ ಬಿಡಬೇಡಿ' ಎನ್ನುತ್ತಾರೆ.

ಮೂವರಲ್ಲಿ ಯಾರ ಮಾತು ಸರಿ? ಆನೆ ಇದ್ದರೂ ಸಾವಿರ, ಸತ್ತರೂ ಸಾವಿರ ಎಂಬ ಗಾದೆ ಆನೆಗೆ ಸರಿ. ಕಾರಿನ ಬಿಡಿಭಾಗಕ್ಕೆ ಅದು ಹೊಂದುವುದಿಲ್ಲ. ಒಂದೇ ಕಪಾಟಿನಲ್ಲಿ ಅಕ್ಕಪಕ್ಕ ಇರುವ ಎರಡು ಪೆಟ್ಟಿಗೆಗಳಲ್ಲಿ ಒಂದು ಸಾವಿರಾರು ರೂಪಾಯಿ ಬಾಳಬಹುದು, ಇನ್ನೊಂದು ಬರೀ ಕಬ್ಬಿಣದ ತೂಕಕ್ಕೆ ಹೋಗಬಹುದು. ಇದನ್ನು ತಿಳಿಯಲು ಸ್ವಲ್ಪ ಇತಿಹಾಸ, ಸ್ವಲ್ಪ ರಸಾಯನ ವಿಜ್ಞಾನ ಮತ್ತು ಹೈಸ್ಕೂಲಿನ ಬಡ್ಡಿ ಲೆಕ್ಕ ಸಾಕು.

ಯಾವ ಕಾರಿನದು?

ಬಿಡಿಭಾಗಕ್ಕೆ ಬೆಲೆ ಬಂದದ್ದೇ ಒಂದು ಕಾರಿನ ಭಾಗ ಇನ್ನೊಂದಕ್ಕೆ ಹೊಂದುತ್ತದೆ ಎಂಬ ಕಾರಣದಿಂದ. ಮೋಟಾರು ಯುಗದ ಆರಂಭದಲ್ಲಿ ಹೀಗಿರಲಿಲ್ಲ. ಕುಶಲಕರ್ಮಿಗಳು ಪ್ರತಿಯೊಂದು ಭಾಗವನ್ನೂ ಅರದಿಂದ ಉಜ್ಜಿ ಆಯಾ ಕಾರಿಗೆ ಕೂಡಿಸುತ್ತಿದ್ದರು. ಅಂಥ ಭಾಗ ಪಕ್ಕದ ಕಾರಿಗೆ ಹೊಂದುತ್ತಿರಲಿಲ್ಲ. 1908ರಲ್ಲಿ ಇಂಗ್ಲೆಂಡಿನ ರಾಯಲ್ ಆಟೋಮೊಬೈಲ್ ಕ್ಲಬ್ ಬ್ರೂಕ್‌ಲ್ಯಾಂಡ್ಸ್‌ನಲ್ಲಿ ಒಂದು ಪರೀಕ್ಷೆ ನಡೆಸಿತು. ಅಮೆರಿಕದ ಮೂರು ಕ್ಯಾಡಿಲಾಕ್ ಕಾರುಗಳನ್ನು ಪೂರ್ತಿ ಬಿಚ್ಚಿದರು. ಒಂದೊಂದರಲ್ಲಿ 721 ಭಾಗಗಳು. ಮೂರು ಕಾರುಗಳ ಭಾಗಗಳನ್ನೂ ಒಂದೇ ರಾಶಿಯಾಗಿ ಬೆರೆಸಿದರು. ಸಾಲದೆಂದು 89 ಭಾಗಗಳನ್ನು ತೆಗೆದಿಟ್ಟು, ಮಾರಾಟಗಾರರ ದಾಸ್ತಾನಿನಿಂದ ಬೇರೆ ಭಾಗಗಳನ್ನು ತಂದು ಹಾಕಿದರು. ಬಳಿಕ ಸ್ಪ್ಯಾನರು, ಸ್ಕ್ರೂಡ್ರೈವರುಗಳಿಂದಲೇ ಮತ್ತೆ ಮೂರು ಕಾರು ಜೋಡಿಸಿದರು. ಮೂರೂ 500 ಮೈಲಿ, ಅಂದರೆ ಸುಮಾರು 800 ಕಿ.ಮೀ. ಓಡಿದವು! ಕ್ಯಾಡಿಲಾಕ್‌ಗೆ ಡ್ಯೂವರ್ ಟ್ರೋಫಿ ದೊರೆಯಿತು. ಕಪಾಟಿನಲ್ಲಿ ಕುಳಿತ ಬಿಡಿಭಾಗವೊಂದು ಎಲ್ಲೋ ಇರುವ ಕಾರಿಗೆ ಹೊಂದಬಲ್ಲದು ಎಂಬುದನ್ನು ಆ ಪರೀಕ್ಷೆ ಎಲ್ಲರ ಕಣ್ಣೆದುರು ತೋರಿಸಿತು.

ಆದ್ದರಿಂದ ಮೊದಲ ಪ್ರಶ್ನೆ: ಈ ಭಾಗ ಯಾವ ಯಾವ ಕಾರಿಗೆ ಹೊಂದುತ್ತದೆ? ಅಂಬಾಸಡರ್ ಕಾರು ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಮಾದರಿಯಿಂದ ಬಂದದ್ದು. ಅದಕ್ಕೆ ಬಹುಕಾಲ ಹಾಕುತ್ತಿದ್ದ 1489 ಸಿ.ಸಿ. ಎಂಜಿನ್ನು ಬಿ.ಎಂ.ಸಿ. ಕಂಪನಿಯ 'ಬಿ ಸೀರೀಸ್' ವಂಶದ್ದು. 1955ರಲ್ಲಿ ಬಂದ ಎಂ.ಜಿ.ಎ. ಎಂಬ ಸ್ಪೋರ್ಟ್ಸ್ ಕಾರಿನಲ್ಲೂ ಇದೇ ವಂಶದ, ಇದೇ ಗಾತ್ರದ ಎಂಜಿನ್ನಿತ್ತು. ಎಲ್ಲ ಭಾಗಗಳೂ ಒಂದೇ ಎಂದು ಇದರ ಅರ್ಥವಲ್ಲ. ಪೆಟ್ಟಿಗೆಯ ಮೇಲಿನ ಪಾರ್ಟ್ ನಂಬರನ್ನು ಹಳೆಯ ಕ್ಯಾಟಲಾಗಿನೊಂದಿಗೆ ತಾಳೆ ನೋಡಬೇಕು. ನಂಬರು ಹೊಂದಿದರೆ, ಇಲ್ಲಿ ಕೇಳುವವರಿಲ್ಲದ ಸಾಮಾನಿಗೆ ದೂರದ ದೇಶದಲ್ಲಿ ಗಿರಾಕಿ ಸಿಗಬಹುದು. ನಂಬರಿರುವ ಚೀಟಿ ಹರಿದುಹೋಗಿದ್ದರೆ ಅದೇ ಸಾಮಾನು ಗುರುತಿಲ್ಲದ ಕಬ್ಬಿಣ. ಚೀಟಿಗೂ ಬೆಲೆ ಉಂಟು!

ಯಾರಿಗೆ ಬೇಕು?

'ಅಪರೂಪ' ಎಂಬ ಮಾತಿಗೆ ಮರುಳಾಗುವವರೇ ಹೆಚ್ಚು. ಅಮೆರಿಕದ ಫೋರ್ಡ್ ಕಂಪನಿ 1908ರಿಂದ 1927ರವರೆಗೆ ಒಂದೂವರೆ ಕೋಟಿ 'ಮಾಡೆಲ್ ಟಿ' ಕಾರುಗಳನ್ನು ತಯಾರಿಸಿತು. ಕಾರಿಗೆ ವಯಸ್ಸಾಗಿದೆ ನಿಜ, ಆದರೆ ಬಿಡಿಭಾಗಗಳು ಇಂದಿಗೂ ಸಿಗುತ್ತವೆ. ಹಲವನ್ನು ಹೊಸದಾಗಿಯೂ ತಯಾರಿಸುತ್ತಾರೆ. ಆದರೆ ಮೊದಲ ಸುಮಾರು 2,500 ಕಾರುಗಳ ಎಂಜಿನ್ನಿಗೆ ಮಾತ್ರ ನೀರಿನ ಪಂಪ್ ಇತ್ತು. ಬಿಸಿ ನೀರು ಹಗುರವಾಗಿ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ. ಈ ಸಂವಹನ ಕ್ರಿಯೆಯೇ ಸಾಕೆಂದು ಫೋರ್ಡ್ ಮುಂದೆ ಪಂಪನ್ನೇ ಕೈಬಿಟ್ಟಿತು. ಹೀಗಾಗಿ ಆ ಮೊದಲ ಕಾರುಗಳ ಭಾಗಗಳು ಬಲು ಅಪರೂಪ. ಅವು ಬೇಕಾಗಿರುವವರೂ ಬೆರಳೆಣಿಕೆಯಷ್ಟು ಮಂದಿ. ವಸ್ತು ಕಡಿಮೆ ಇದ್ದರೆ ಸಾಲದು, ಅದನ್ನು ಹುಡುಕುತ್ತಿರುವವನೂ ಇರಬೇಕು.

ಕಾರಿನ ಬಳಕೆ ಬದಲಾದಂತೆ ಬೇಡಿಕೆಯೂ ಬದಲಾಗುತ್ತದೆ. ಮುಂಬಯಿಯಲ್ಲಿ ಟ್ಯಾಕ್ಸಿಗಳಾಗಿ ಓಡುತ್ತಿದ್ದ ಪ್ರೀಮಿಯರ್ ಪದ್ಮಿನಿಗಳ ಕಾಲ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಅಂಬಾಸಡರ್ ತಯಾರಿಕೆ 2014ರಲ್ಲೇ ನಿಂತಿತ್ತು. ದಿನವಿಡೀ ಓಡುವ ಟ್ಯಾಕ್ಸಿಗೆ ಬ್ರೇಕ್ ಷೂ, ಕ್ಲಚ್ ಪ್ಲೇಟ್ ಪದೇ ಪದೇ ಬೇಕು. ಭಾನುವಾರ ಮಾತ್ರ ಹೊರಗೆ ಬರುವ ಹವ್ಯಾಸಿಯ ಕಾರಿಗೆ ಒಂದು ಜೊತೆ ಬ್ರೇಕ್ ಷೂ ಎಷ್ಟೋ ವರ್ಷ ಬರುತ್ತದೆ. ಅವನು ಹುಡುಕುವುದು ಒಡೆದ ದೀಪದ ಗಾಜು, ಕಳೆದುಹೋದ ಲಾಂಛನ, ಬಾಗಿಲ ಹಿಡಿ, ಮೀಟರು. ಅಂಗಡಿಯವರು ಮಾತ್ರ ಹಿಂದೆ ಬೇಗ ಖರ್ಚಾಗುವುದನ್ನೇ ನೂರಾರು ತರಿಸಿದ್ದರು, ನಿಧಾನವಾಗಿ ಹೋಗುವುದನ್ನು ಒಂದೆರಡು ಇಟ್ಟಿದ್ದರು. ರಾಶಿ ರಾಶಿ ಇರುವುದಕ್ಕೆ ಈಗ ಗಿರಾಕಿ ಕಡಿಮೆ, ಮೂಲೆಯಲ್ಲಿರುವ ಒಂದೆರಡಕ್ಕೆ ಹೆಚ್ಚು!

ಭಾರತದಲ್ಲಿ 2021ರಲ್ಲಿ ವಿಂಟೇಜ್ ವಾಹನಗಳ ನೋಂದಣಿಗೆ ಪ್ರತ್ಯೇಕ ನಿಯಮ ಬಂತು. ವಾಹನಕ್ಕೆ 50 ವರ್ಷ ದಾಟಿರಬೇಕು, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಮೂಲ ರೂಪಕ್ಕೆ ಮನ್ನಣೆ ಸಿಕ್ಕರೆ ಮೂಲ ಭಾಗಕ್ಕೂ ಗೌರವ ಸಿಗುತ್ತದೆ. ಆದರೆ ಅಂಥ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಆದ್ದರಿಂದ ಸವೆಯುವ ಭಾಗಗಳ ಬೇಡಿಕೆ ಇದರಿಂದ ಹೆಚ್ಚುವುದಿಲ್ಲ.

ಇನ್ನೂ ಗಟ್ಟಿಯಾಗಿದೆಯೇ?

ಬಳಸದೇ ಇಟ್ಟದ್ದು ಹೊಸದಾಗಿಯೇ ಉಳಿಯುತ್ತದೆ ಎಂಬುದು ತಪ್ಪು ತಿಳಿವಳಿಕೆ. ಗ್ರೀಸು ಬಳಿದು ಮೇಣದ ಕಾಗದ ಸುತ್ತಿಟ್ಟ ಉಕ್ಕು ದಶಕಗಳ ಕಾಲ ಕೆಡದು. ಗಾಜಿಗೂ ಹಿತ್ತಾಳೆಗೂ ಹೆಚ್ಚು ಚಿಂತೆಯಿಲ್ಲ. ರಬ್ಬರಿನ ಕಥೆಯೇ ಬೇರೆ. ಗಂಧಕ ಸೇರಿಸಿ ಗಟ್ಟಿಗೊಳಿಸಿದ ರಬ್ಬರಿನ ಅಣುಸರಪಳಿಗಳನ್ನು ಗಾಳಿಯ ಆಮ್ಲಜನಕ ಮತ್ತು ಓಝೋನ್ ನಿಧಾನವಾಗಿ ಕೆಡಿಸುತ್ತವೆ. ಪೆಟ್ಟಿಗೆಯೊಳಗೇ ಅದು ಬಿರುಸಾಗಿ ಬಿರುಕು ಬಿಡುತ್ತದೆ. ಅಂಥ ಬ್ರೇಕ್ ವಾಷರನ್ನು ಹೊಸದೆಂದು ನಂಬಿ ಹಾಕಿದರೆ ಪ್ರಾಣಕ್ಕೇ ಅಪಾಯ.

ಲೋಹಗಳಲ್ಲೂ ಮೋಸ ಉಂಟು. ಹಳೆಯ ಕಾರುಗಳ ಕಾರ್ಬ್ಯುರೇಟರು, ಬಾಗಿಲ ಹಿಡಿಗಳನ್ನು ಸತುವಿನ ಮಿಶ್ರಲೋಹದಿಂದ ಎರಕ ಹೊಯ್ಯುತ್ತಿದ್ದರು. ಸತುವಿನಲ್ಲಿ ಸೀಸದ ಅಂಶ ಸ್ವಲ್ಪವೇ ಇದ್ದರೂ, ತೇವ ತಗಲಿದಾಗ ಲೋಹದ ಹರಳುಗಳ ನಡುವಿನ ಅಂಚುಗಳು ಒಳಗೊಳಗೇ ಸವೆಯುತ್ತವೆ. ವಸ್ತು ಉಬ್ಬಿ, ಸೀಳಿ, ಕೊನೆಗೆ ಕೈಯಲ್ಲೇ ಪುಡಿಯಾಗುತ್ತದೆ. 1929ರಲ್ಲಿ ಅಮೆರಿಕದ ನ್ಯೂಜೆರ್ಸಿ ಝಿಂಕ್ ಕಂಪನಿ ಶೇ. 99.99ರಷ್ಟು ಶುದ್ಧವಾದ ಸತುವಿನಿಂದ 'ಝಮಾಕ್' ಎಂಬ ಮಿಶ್ರಲೋಹ ತಯಾರಿಸಿದ ಮೇಲೆ ಈ ಕಾಟ ತಗ್ಗಿತು. ಅದಕ್ಕೂ ಹಿಂದಿನ ಸತುವಿನ ಭಾಗಗಳನ್ನು ಒಂದೊಂದಾಗಿ ನೋಡಿಯೇ ಕೊಳ್ಳಬೇಕು.

ಹಳೆಯ ಬ್ರೇಕ್ ಲೈನಿಂಗುಗಳಲ್ಲಿ ಆಸ್ಬೆಸ್ಟಾಸ್ ಇರುವುದು ಸಾಮಾನ್ಯ. ಅದರ ಧೂಳು ಶ್ವಾಸಕೋಶಕ್ಕೆ ಹಾನಿಕರ. ಅವನ್ನು ಉಜ್ಜಬಾರದು, ಒಡೆಯಬಾರದು, ಮಕ್ಕಳ ಕೈಗೆ ಕೊಡಬಾರದು.

ಹಾಗಾದರೆ ಸಾವಿರ ಪೆಟ್ಟಿಗೆಗಳನ್ನೂ ಬಿಚ್ಚಬೇಕೇ? ಬೇಡ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಹಿಚುಕಿದರೆ ಸಾಕು, ಏಕೆಂದರೆ ಪಾತ್ರೆಯ ಅನ್ನವೆಲ್ಲ ಒಂದೇ ಬಿಸಿಯಲ್ಲಿ ಬೆಂದಿರುತ್ತದೆ. ಗೋದಾಮು ಹಾಗಲ್ಲ. ಮೇಲಿನ ಸಾಲು ಬಿಸಿಲಿಗೆ ಕಾದಿರುತ್ತದೆ, ಕೆಳಗಿನದು ತೇವ ಹೀರಿರುತ್ತದೆ. ಆದ್ದರಿಂದ ಮೇಲೆ, ನಡುವೆ, ಕೆಳಗೆ, ಹಿಂದೆ ಹೀಗೆ ಎಲ್ಲ ಕಡೆಯಿಂದ ಚೀಟಿ ಎತ್ತಿದಂತೆ ಆರಿಸಬೇಕು. 200 ಪೆಟ್ಟಿಗೆಗಳಲ್ಲಿ 20 ಬಿಚ್ಚಿದಾಗ 5 ಕೆಟ್ಟಿದ್ದರೆ, ಒಟ್ಟಿನಲ್ಲಿ ಸುಮಾರು ಕಾಲು ಭಾಗ ಕೆಟ್ಟಿರಬಹುದೆಂಬ ಅಂದಾಜು ಸಿಗುತ್ತದೆ. ಅಂದಾಜಿನಲ್ಲಿ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆಂಬುದನ್ನೂ ಮರೆಯಬಾರದು.

ಎಷ್ಟು ವರ್ಷಕ್ಕೆ ಖಾಲಿ?

ಈಗ ಲೆಕ್ಕಕ್ಕೆ ಬರೋಣ. ಒಂದೇ ಬಗೆಯ ಕಬ್ಬಿಣದ ಬಿಡಿಭಾಗ 4,000 ಇವೆ. ಒಂದರ ತೂಕ 2 ಕೆ.ಜಿ., ಬೆಲೆ 500 ರೂಪಾಯಿ ಎಂದಿಟ್ಟುಕೊಳ್ಳಿ. ನೆಂಟರ ಲೆಕ್ಕದಲ್ಲಿ ಇದು 20 ಲಕ್ಷ ರೂಪಾಯಿಯ ಮಾಲು. ಆದರೆ ವರ್ಷಕ್ಕೆ ಮಾರಾಟವಾಗುವುದು 40 ಮಾತ್ರ. ಎಲ್ಲ ಖಾಲಿಯಾಗಲು 100 ವರ್ಷ ಬೇಕು! ಒಟ್ಟಿಗೇ ಮಾರುಕಟ್ಟೆಗೆ ಸುರಿದರೆ ಬೆಲೆ ಕುಸಿಯುತ್ತದೆ.

ವರ್ಷಕ್ಕೆ 40 ಮಾರಿದರೆ ಬರುವುದು 20,000 ರೂಪಾಯಿ. ಬ್ಯಾಂಕಿನಲ್ಲಿ ಶೇ. 7ರ ಬಡ್ಡಿಗೆ 2 ಲಕ್ಷ 86 ಸಾವಿರ ಇಟ್ಟರೂ ವರ್ಷಕ್ಕೆ ಅಷ್ಟೇ ಬರುತ್ತದೆ. ಹಾಗಾಗಿ ಈ ರಾಶಿಯ ಇಂದಿನ ಬೆಲೆ 20 ಲಕ್ಷವಲ್ಲ, ಹೆಚ್ಚೆಂದರೆ 2 ಲಕ್ಷ 86 ಸಾವಿರ. ಇದನ್ನು ಇಡುವ ಜಾಗಕ್ಕೆ ತಿಂಗಳಿಗೆ 1,000 ರೂಪಾಯಿ ಬಾಡಿಗೆ ಕೊಡಬೇಕಾದರೆ ವರ್ಷಕ್ಕೆ ಉಳಿಯುವುದು 8,000. ಆಗ ಬೆಲೆ ಸುಮಾರು 1 ಲಕ್ಷ 14 ಸಾವಿರಕ್ಕೆ ಇಳಿಯುತ್ತದೆ. ಗುಜರಿ ದರ ಕಿಲೋಗೆ 30 ರೂಪಾಯಿ ಎಂದರೆ ಎಂಟು ಟನ್ನಿಗೆ 2 ಲಕ್ಷ 40 ಸಾವಿರ! ಬಾಡಿಗೆ ಕೊಟ್ಟು ಕಾಯುವುದಕ್ಕಿಂತ ಗುಜರಿಯೇ ಲಾಭ.

ಇದಕ್ಕಿಂತ ಉತ್ತಮ ದಾರಿಯೂ ಇದೆ. ಹದಿನೈದು ವರ್ಷಕ್ಕೆ ಸಾಕಾಗುವ 600 ಭಾಗಗಳನ್ನು ಉಳಿಸಿಕೊಂಡು 3,400ನ್ನು ಗುಜರಿಗೆ ಕೊಟ್ಟರೆ ಕೂಡಲೇ 2 ಲಕ್ಷ 4 ಸಾವಿರ ಕೈಸೇರುತ್ತದೆ. ಉಳಿದ 600ನ್ನು ಮನೆಯ ಹಿತ್ತಲ ಕೋಣೆಯ ಮೂಲೆಯಲ್ಲಿ ಬಾಡಿಗೆಯಿಲ್ಲದೆ ಇಡಬಹುದು. ಅವುಗಳಿಂದ ಹದಿನೈದು ವರ್ಷ ಬರುವ ಹಣದ ಇಂದಿನ ಬೆಲೆ, ಅದೇ ಶೇ. 7ರ ಲೆಕ್ಕದಲ್ಲಿ, ಸುಮಾರು 1 ಲಕ್ಷ 82 ಸಾವಿರ. ಎರಡೂ ಸೇರಿ 3 ಲಕ್ಷ 86 ಸಾವಿರ. ಚಕ್ರಬಡ್ಡಿ ಕಲಿತ ವಿದ್ಯಾರ್ಥಿಗಳು ಈ ಮೊತ್ತವನ್ನು ತಾವೇ ತಾಳೆ ನೋಡಬಹುದು.

ಇದು ರಾಶಿಯಾಗಿರುವ ಸಾಮಾನಿನ ಲೆಕ್ಕ. ಎರಡೇ ಎರಡು ಇರುವ ದೀಪದ ಗಾಜಿಗೆ ಇದು ಅನ್ವಯಿಸದು, ಅದು ಬೇಗ ಹೋಗುತ್ತದೆ. ಹವ್ಯಾಸಿ ಆರಿಸಿಕೊಳ್ಳಲು ಬಯಸುವುದು ಇಂಥವನ್ನೇ. ಹಾಲಿನ ಕೆನೆ ಅವರಿಗೆ ಹೋದರೆ ಉಳಿಯುವುದು ನೀರು ಮಜ್ಜಿಗೆ. ಮಾರಬಾರದೆಂದಲ್ಲ, ಬೆಲೆ ಹೇಳುವ ಮೊದಲು ಕೆನೆ ಯಾವುದೆಂದು ಮನೆಯವರಿಗೂ ಗೊತ್ತಿರಬೇಕು.

ಮೂವರ ಮಾತಿನಲ್ಲೂ ಅಷ್ಟಷ್ಟು ನಿಜವಿದೆ ಎಂದಾಯಿತು. ಯಾವ ಪೆಟ್ಟಿಗೆಗೆ ಯಾರ ಮಾತು ಸರಿ ಎಂದು ತಿಳಿಯಬೇಕಾದರೆ ಮೊದಲು ವಿಂಗಡಿಸಬೇಕು. ಒಂದು ನೋಟ್‌ಬುಕ್ಕಿನಲ್ಲಿ ಹೆಸರು, ಪಾರ್ಟ್ ನಂಬರು, ಎಣಿಕೆ, ಸ್ಥಿತಿ ಎಂದು ನಾಲ್ಕು ಕಲಂ ಎಳೆದರೆ ಕೆಲಸ ಆರಂಭವಾದಂತೆ. ಆಮೇಲೆ ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ನಾಲ್ಕು ಅಂಗಡಿ ವಿಚಾರಿಸಿ, ಯಾವುದು ವರ್ಷಕ್ಕೆ ಎಷ್ಟು ಹೋಗುತ್ತದೆ ಎಂದು ಐದನೆಯ ಕಲಮಿನಲ್ಲಿ ಬರೆದುಕೊಳ್ಳಬೇಕು.

ಇದಕ್ಕೆಲ್ಲ ತಕ್ಕ ಕಾಲವೆಂದರೆ ಅಂಗಡಿಯ ಯಜಮಾನರು ಇರುವಾಗಲೇ. ಚೀಟಿಯಿಲ್ಲದ ಪೆಟ್ಟಿಗೆಯನ್ನು ಕೈಗೆತ್ತಿಕೊಂಡ ಕೂಡಲೇ ಅದು ಯಾವ ವರ್ಷದ ಯಾವ ಕಾರಿನದೆಂದು ಹೇಳಬಲ್ಲವರು ಅವರೊಬ್ಬರೇ. ಮನೆಯಲ್ಲೋ ನೆರೆಯಲ್ಲೋ ಅಂಥ ಹಿರಿಯರಿದ್ದರೆ, ಮಕ್ಕಳು ಈ ರಜೆಯಲ್ಲಿ ನೋಟ್‌ಬುಕ್ ಹಿಡಿದು ಅವರ ಪಕ್ಕದಲ್ಲಿ ಕೂರಲಿ. ಅವರು ಹೇಳಲಿ, ಮಕ್ಕಳು ಬರೆದುಕೊಳ್ಳಲಿ.