ಯೋಗ: ಕೂಡಿಸುವುದೇ, ನಿಲ್ಲಿಸುವುದೇ?

ಜೂನ್ 21 ಬಂತೆಂದರೆ ಮೈದಾನಗಳಲ್ಲಿ, ಶಾಲೆಗಳ ಅಂಗಳದಲ್ಲಿ ಚಾಪೆಗಳು ಹರಡಿಕೊಳ್ಳುತ್ತವೆ. 2015ರಲ್ಲಿ ಅಂತರರಾಷ್ಟ್ರೀಯ ಯೋಗ ದಿನಾಚರಣೆ ಆರಂಭವಾದ ಬಳಿಕ ಯೋಗವೆಂಬ ಪದ ಇನ್ನಷ್ಟು ಮನೆಮಾತಾಗಿದೆ. ಉತ್ಸಾಹದಿಂದ ತೊಡಗುವವರು ಅನೇಕರು. ಕೆಲವೇ ವಾರಗಳಲ್ಲಿ ಚಾಪೆ ಸುತ್ತಿಡುವವರೂ ಅನೇಕರು. ಹಾಗೆ ಬಿಟ್ಟವರನ್ನು ಕೇಳಿದರೆ ದೊರೆಯುವ ಉತ್ತರ ಸಾಮಾನ್ಯವಾಗಿ ಮೂರೇ: ಮೈ ಬಾಗುವುದಿಲ್ಲ, ಮನಸ್ಸು ನಿಲ್ಲುವುದಿಲ್ಲ, ಸಮಯ ಸಿಗುವುದಿಲ್ಲ. ಈ ಮೂರು ದೂರುಗಳೂ ಹಳೆಯವು. ಶ್ರಾವಕರ ಬದುಕನ್ನು ಹತ್ತಿರದಿಂದ ಬಲ್ಲ ಜೈನ ಆಚಾರ್ಯರು ಇವುಗಳಿಗೆ ಶತಮಾನಗಳ ಹಿಂದೆಯೇ ಉತ್ತರ ಕೊಟ್ಟಿದ್ದಾರೆ.

ಮೊದಲು ಪದದ ಅರ್ಥವನ್ನು ತಿಳಿಯಬೇಕು. ಯೋಗವೆಂದರೆ ಕೂಡಿಸುವುದು ಎಂಬುದು ಎಲ್ಲರೂ ಬಲ್ಲ ಅರ್ಥ. ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯ ತೆರೆಯುವುದೂ ಈ ಪದದಿಂದಲೇ; ಆದರೆ ಅಲ್ಲಿ ಅದರ ಅರ್ಥ ಬೇರೆ. ದೇಹ, ಮಾತು, ಮನಸ್ಸುಗಳ ಚಟುವಟಿಕೆಯೇ ಯೋಗ. ಕರ್ಮವು ಆತ್ಮನೆಡೆಗೆ ಹರಿದುಬರುವುದು ಆ ಬಾಗಿಲಿನಿಂದಲೇ. ಆ ಗ್ರಂಥಕ್ಕೆ ಸರ್ವಾರ್ಥಸಿದ್ಧಿ ಎಂಬ ವ್ಯಾಖ್ಯಾನವನ್ನು ಬರೆದ, ಕನ್ನಡ ನಾಡಿನೊಡನೆ ನಂಟಿರುವ ಪೂಜ್ಯಪಾದರು ಇದನ್ನು ಆತ್ಮಪ್ರದೇಶಗಳ ಕಂಪನವೆಂದು ವಿವರಿಸುತ್ತಾರೆ. ಚಟುವಟಿಕೆ ಶುಭವಾಗಿದ್ದರೆ ಪುಣ್ಯ, ಅಶುಭವಾಗಿದ್ದರೆ ಪಾಪ. ಅದರೊಡನೆ ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳ ಅಂಟು ಸೇರಿದರೆ ಬಂಧ ಗಟ್ಟಿಯಾಗುತ್ತದೆ.

ಹಾಗಾದರೆ ಯೋಗ ಬಂಧನಕ್ಕೆ ಕಾರಣವೋ, ಬಿಡುಗಡೆಗೆ ದಾರಿಯೋ? ಜೈನ ಪರಂಪರೆ ಎರಡು ಅರ್ಥಗಳನ್ನೂ ಉಳಿಸಿಕೊಂಡಿದೆ. ಎಂಟನೆಯ ಶತಮಾನದ ಹರಿಭದ್ರಸೂರಿಗಳು ಮೋಕ್ಷದೊಡನೆ ಕೂಡಿಸುವ ಧರ್ಮಾಚರಣೆಯೆಲ್ಲವೂ ಯೋಗವೆಂದರು. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ತಮ್ಮ ಯೋಗಶಾಸ್ತ್ರದಲ್ಲಿ ಸಮ್ಯಗ್ದರ್ಶನ, ಸಮ್ಯಗ್ಜ್ಞಾನ, ಸಮ್ಯಕ್ಚಾರಿತ್ರಗಳೆಂಬ ರತ್ನತ್ರಯವನ್ನೇ ಯೋಗವೆಂದು ಕರೆದರು. ಎರಡು ಅರ್ಥಗಳನ್ನು ಜೊತೆಯಲ್ಲಿರಿಸಿ ನೋಡಿದಾಗ ಸಾಧನೆಯ ದಿಕ್ಕು ಸ್ಪಷ್ಟವಾಗುತ್ತದೆ. ಮೋಕ್ಷದೊಡನೆ ಕೂಡಬೇಕಾದರೆ ಮನೋವಾಕ್ಕಾಯಗಳ ಅಂಕೆಯಿಲ್ಲದ ಓಟವು ತಗ್ಗಬೇಕು. ಆ ನಿಗ್ರಹಕ್ಕೆ ಗುಪ್ತಿ ಎಂದು ಹೆಸರು. ಗುಣಸ್ಥಾನಗಳ ಏಣಿಯಲ್ಲಿ ಹದಿಮೂರನೆಯದು ಸಯೋಗಕೇವಲಿ, ಹದಿನಾಲ್ಕನೆಯದೂ ಕೊನೆಯದೂ ಆದುದು ಅಯೋಗಕೇವಲಿ. ಕೇವಲಜ್ಞಾನ ದೊರೆತ ಮೇಲೆಯೂ ಉಳಿದಿದ್ದ ಚಲನೆ ಅಲ್ಲಿ ಸಂಪೂರ್ಣವಾಗಿ ನಿಲ್ಲುತ್ತದೆ. ಆದ್ದರಿಂದ ಹೊಸದಾಗಿ ತೊಡಗುವವನು ಮಾಡಬೇಕಾದುದು ದಿನದ ಗಡಿಬಿಡಿಗೆ ಇನ್ನೊಂದು ಗಡಿಬಿಡಿಯನ್ನು ಸೇರಿಸುವುದಲ್ಲ. ಇರುವ ಗಡಿಬಿಡಿಯಲ್ಲಿ ಸ್ವಲ್ಪವನ್ನು ಕಳೆಯುವುದು.

ಮೊದಲನೆಯ ದೂರು ಮೈ ಬಾಗುವುದಿಲ್ಲ ಎಂಬುದು. ಹೇಮಚಂದ್ರರ ಯೋಗಶಾಸ್ತ್ರದಲ್ಲಿ ಹನ್ನೆರಡು ಪ್ರಕಾಶಗಳಿವೆ. ಆಸನಗಳ ಮಾತು ಬರುವುದು ನಾಲ್ಕನೆಯ ಪ್ರಕಾಶದ ಕೊನೆಯಲ್ಲಿ. ಅದಕ್ಕೆ ಮೊದಲು ವ್ರತಗಳು, ಗೃಹಸ್ಥನ ನಡತೆ, ಕಷಾಯಗಳ ಜಯ ಇವುಗಳ ವಿಚಾರವೇ ತುಂಬಿದೆ. ಆಸನಗಳನ್ನು ಹೆಸರಿಸಿದ ಮೇಲೂ ಅವರು ಕೊಡುವ ತೀರ್ಮಾನ ಸರಳವಾದುದು: ಯಾವ ಆಸನದಲ್ಲಿ ಮನಸ್ಸು ಸ್ಥಿರವಾಗುವುದೋ ಅದನ್ನೇ ಹಿಡಿಯಬೇಕು. ಪತಂಜಲಿಯ ಅಷ್ಟಾಂಗ ಯೋಗದಲ್ಲಿಯೂ ಮೊದಲ ಮೆಟ್ಟಿಲು ಆಸನವಲ್ಲ, ಯಮ. ಅಹಿಂಸೆ, ಸತ್ಯ, ಅಸ್ತೇಯ, ಬ್ರಹ್ಮಚರ್ಯ, ಅಪರಿಗ್ರಹಗಳೆಂಬ ಆ ಐದು ಯಮಗಳು ಜೈನರ ಐದು ವ್ರತಗಳೇ ಆಗಿವೆ. ಮಂಡಿ ನೋಯುವ ಹಿರಿಯರು ಕುರ್ಚಿಯ ಮೇಲೆ ಕುಳಿತು ಧ್ಯಾನ ಮಾಡಿದರೆ ಅವರ ಯೋಗಕ್ಕೆ ಕೊರತೆಯೇನೂ ಇಲ್ಲ. ತೂಕದಲ್ಲಿ ಮೋಸಮಾಡುವ ವರ್ತಕನು ಪದ್ಮಾಸನದಲ್ಲಿ ಗಂಟೆಗಟ್ಟಲೆ ಕುಳಿತರೂ ಆ ಕೊರತೆ ನೀಗುವುದಿಲ್ಲ.

ಪ್ರಾಣಾಯಾಮದ ಪ್ರಶ್ನೆಯೂ ಇಲ್ಲಿಯೇ ಏಳುತ್ತದೆ. ಉಸಿರನ್ನು ಬಿಗಿಹಿಡಿಯಲೇಬೇಕೆ? ಹೇಮಚಂದ್ರರು ಐದನೆಯ ಪ್ರಕಾಶದಲ್ಲಿ ಪ್ರಾಣಾಯಾಮವನ್ನು ವಿಸ್ತಾರವಾಗಿ ವಿವರಿಸಿ, ಆರನೆಯದರಲ್ಲಿ ಅದರಿಂದ ಮನಸ್ಸಿಗೆ ಆಯಾಸವಾಗುವುದನ್ನು ಎತ್ತಿ ತೋರಿಸುತ್ತಾರೆ. ಶುಭಚಂದ್ರಾಚಾರ್ಯರ ಜ್ಞಾನಾರ್ಣವದ ನಿಲುವೂ ಇದಕ್ಕೆ ಹತ್ತಿರವಾದುದು. ಶ್ರಾವಕರ ನಿತ್ಯದ ಕಾಯೋತ್ಸರ್ಗದಲ್ಲಿ ಉಸಿರನ್ನು ತಡೆಯುವುದಿಲ್ಲ, ಎಣಿಸುತ್ತಾರೆ. ಒಂದು ಣಮೋಕಾರ ಮಂತ್ರಕ್ಕೆ ಮೂರು ಉಸಿರು. ಒಂಬತ್ತು ಮಂತ್ರಗಳಿಗೆ ಇಪ್ಪತ್ತೇಳು. ಇದು ಮಕ್ಕಳಿಗೂ ಮುದುಕರಿಗೂ ಸಾಧ್ಯ. ಹೃದಯದ ತೊಂದರೆ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಉಸಿರು ಕಟ್ಟುವ ಅಭ್ಯಾಸಕ್ಕೆ ಕೈಹಾಕಬಾರದು.

ಎರಡನೆಯ ದೂರು ಮನಸ್ಸಿನದು. ಕಣ್ಣು ಮುಚ್ಚಿದೊಡನೆ ಸಾಲದ ಕಂತು, ಮಗಳ ಮದುವೆ, ನೆರೆಯವನ ಬೇಲಿ ಎಲ್ಲವೂ ಎದುರು ನಿಲ್ಲುತ್ತವೆ. ತನಗೆ ಧ್ಯಾನ ಒಲಿಯದೆಂದು ಸಾಧಕನು ಎದ್ದುಬಿಡುತ್ತಾನೆ. ವಾಸ್ತವದಲ್ಲಿ ಅವನು ಅದುವರೆಗೆ ಧ್ಯಾನದಲ್ಲಿಯೇ ಇದ್ದನು, ಆದರೆ ಅದು ಆರ್ತಧ್ಯಾನ. ಕಳೆದುಕೊಂಡುದಕ್ಕೆ ಕೊರಗುವುದು, ಬಾರದುದಕ್ಕೆ ಹಂಬಲಿಸುವುದು ಆರ್ತ. ಹಿಂಸೆಯನ್ನು, ವಂಚನೆಯನ್ನು ನೆನೆದು ಹಿಗ್ಗುವುದು ರೌದ್ರ. ಇವೆರಡಕ್ಕೆ ಯಾರಿಗೂ ತರಬೇತಿ ಬೇಕಾಗುವುದಿಲ್ಲ. ಕಲಿಯಬೇಕಾದುದು ಧರ್ಮಧ್ಯಾನವನ್ನು, ಶುಕ್ಲಧ್ಯಾನ ಅದಕ್ಕೂ ಬಹಳ ಮೇಲಿನದು. ಒಂದೇ ವಿಷಯದಲ್ಲಿ ಮನಸ್ಸು ನಿಲ್ಲುವ ಅವಧಿ, ಉತ್ತಮ ದೇಹಬಂಧವುಳ್ಳವರಿಗೂ, ಒಂದು ಅಂತರ್ಮುಹೂರ್ತವನ್ನು ಮೀರದೆಂದು ತತ್ತ್ವಾರ್ಥಸೂತ್ರ ಹೇಳುತ್ತದೆ. ಅಂದರೆ 48 ನಿಮಿಷಗಳೊಳಗೆ. ಮಹಾಮುನಿಗಳ ಮಿತಿಯೇ ಇಷ್ಟಾದರೆ, ಮೊದಲ ವಾರದಲ್ಲಿಯೇ ಮನಸ್ಸು ಕಲ್ಲಿನಂತೆ ನಿಲ್ಲಲಿಲ್ಲವೆಂದು ಗೃಹಸ್ಥನು ನಾಚಬೇಕಾದುದೇನಿದೆ?

ಈ ಅಭ್ಯಾಸಕ್ಕೆಂದು ಶ್ರಾವಕನಿಗೆ ಹೇಳಿದ ವ್ರತ ಸಾಮಾಯಿಕ. ಅದು ಸೇರುವುದು ನಾಲ್ಕು ಶಿಕ್ಷಾವ್ರತಗಳಲ್ಲಿ. ಶಿಕ್ಷೆ ಎಂದರೆ ಇಲ್ಲಿ ದಂಡನೆಯಲ್ಲ, ಕಲಿಕೆ. ಕಲಿಯುವವನು ತಪ್ಪುತ್ತಾನೆಂಬುದನ್ನು ಆಚಾರ್ಯರು ಮೊದಲೇ ಎಣಿಸಿದ್ದರು. ಆದ್ದರಿಂದಲೇ ಸಾಮಾಯಿಕಕ್ಕೆ ಐದು ಅತಿಚಾರಗಳನ್ನು ಪಟ್ಟಿಮಾಡಿದರು: ಮನಸ್ಸು ದಾರಿತಪ್ಪುವುದು, ಮಾತು ದಾರಿತಪ್ಪುವುದು, ದೇಹ ದಾರಿತಪ್ಪುವುದು, ಅನಾದರ ಮತ್ತು ಮರೆವು. ಅತಿಚಾರವೆಂದರೆ ವ್ರತಕ್ಕೆ ತಗಲಿದ ಕಲೆ, ವ್ರತದ ಭಂಗವಲ್ಲ. ಬಟ್ಟೆಗೆ ಕಲೆ ತಗಲಿತೆಂದು ಯಾರೂ ಬಟ್ಟೆಯನ್ನು ಸುಡುವುದಿಲ್ಲ, ಒಗೆಯುತ್ತಾರೆ. ಹರಿಭದ್ರರು ಯೋಗದ ಎಂಟು ದೃಷ್ಟಿಗಳನ್ನು ಹೇಳುವಾಗ ಮೊದಲನೆಯದಾದ ಮಿತ್ರಾದೃಷ್ಟಿಯ ಬೆಳಕನ್ನು ಹುಲ್ಲಿನ ಬೆಂಕಿಗೆ ಹೋಲಿಸಿದರು. ಹುಲ್ಲಿನ ಬೆಂಕಿ ಥಟ್ಟನೆ ಹೊತ್ತಿ ಥಟ್ಟನೆ ಆರುತ್ತದೆ. ಆದರೂ ಅದು ಬೆಳಕೇ. ಸಗಣಿಯ ಬೆಂಕಿ, ಕಟ್ಟಿಗೆಯ ಬೆಂಕಿ, ದೀಪಗಳನ್ನು ದಾಟಿ ಮುಂದಕ್ಕೆ ಸಾಗುವ ದಾರಿಯ ಮೊದಲ ಬೆಳಕು.

ದೇಹ ನಿಶ್ಚಲವಾದರೆ ಸಾಕೆನ್ನುವವರಿಗೆ ಬಾಹುಬಲಿಯ ಕಥೆಯಿದೆ. ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ಕ್ರಿ.ಶ. 981ರಿಂದ ನಿಂತಿರುವ ಆ ಮೂರ್ತಿಯ ಕಾಲ್ದೆಸೆಯ ಹುತ್ತಗಳನ್ನೂ ತೊಡೆ ತೋಳುಗಳಿಗೆ ಹಬ್ಬಿದ ಬಳ್ಳಿಗಳನ್ನೂ ಕಾಣದ ಕನ್ನಡಿಗರು ವಿರಳ. ಒಂದು ವರ್ಷದ ಪ್ರತಿಮಾಯೋಗ ಅದು. ದೇಹ ಅಲುಗಲಿಲ್ಲ, ಮಾತು ಹೊರಡಲಿಲ್ಲ. ಆದರೂ ಕೇವಲಜ್ಞಾನ ತಡೆದು ನಿಂತಿತು. ತನ್ನಿಂದ ಅಣ್ಣನಿಗೆ ನೋವಾಯಿತೆಂಬ ಅಳಲು ಎಂದು ಕೆಲವರು, ಅಣ್ಣನ ನೆಲದ ಮೇಲೆ ನಿಂತಿರುವೆನೆಂಬ ಕೊರಗು ಎಂದು ಕೆಲವರು ಹೇಳುತ್ತಾರೆ. ಕಥನ ಯಾವುದಾದರೂ ತಿರುಳು ಒಂದೇ: ಒಳಗೆ ಒಂದು ಎಳೆ ಉಳಿದಿತ್ತು. ಭರತನು ಬಂದು ವಂದಿಸಿದಾಗ ಅದು ಕಳಚಿತು.

ಮೂರನೆಯ ದೂರು ಸಮಯದ್ದು. ಸಾಮಾಯಿಕದ ರೂಢಿಯ ಅವಧಿ ಎರಡು ಘಳಿಗೆ, 48 ನಿಮಿಷ. ಆರಂಭದಲ್ಲಿ ಅಷ್ಟು ಸಾಧ್ಯವಾಗದವರು ಇಪ್ಪತ್ತೇಳು ಉಸಿರುಗಳ ಒಂದು ಕಾಯೋತ್ಸರ್ಗದಿಂದ ತೊಡಗಬಹುದು. ಪಾದಗಳ ನಡುವೆ ನಾಲ್ಕು ಅಂಗುಲ ಬಿಟ್ಟು, ತೋಳುಗಳನ್ನು ಇಳಿಬಿಟ್ಟು, ನೆಟ್ಟಗೆ ನಿಂತರಾಯಿತು. ದಿನವೂ ಅದೇ ಹೊತ್ತಿಗೆ, ಅದೇ ಜಾಗದಲ್ಲಿ ನಿಲ್ಲುವುದು ಹೆಚ್ಚು ಹೊತ್ತು ನಿಲ್ಲುವುದಕ್ಕಿಂತ ಮುಖ್ಯ. ಅನಾದರ, ಮರೆವುಗಳೆಂಬ ಅತಿಚಾರಗಳಿಗೆ ಇದೇ ಮದ್ದು.

ಆದರೆ ಸಮಯದ ದೂರಿನಲ್ಲಿ ಇನ್ನೊಂದು ಮುಖವಿದೆ; ಅದನ್ನು ಹೇಳದೆ ಬಿಡುವುದು ಸರಿಯಲ್ಲ. ಮನೆಯ ಹಿರಿಯರು ಮುಂಜಾನೆ ಕಣ್ಣು ಮುಚ್ಚಿ ಕುಳಿತಿರುವಾಗ ಅಡುಗೆಮನೆಯಲ್ಲಿ ಪಾತ್ರೆಯೊಂದು ಬೀಳುತ್ತದೆ. ಜಪಮಾಲೆ ಕೈಯಲ್ಲಿರುವಂತೆಯೇ ಸೊಸೆಯ ಮೇಲೆ ಸಿಡುಕಿನ ಮಾತು ಹೊರಡುತ್ತದೆ. ಆ ಮಾಲೆಯ 108 ಮಣಿಗಳ ಲೆಕ್ಕವನ್ನು ಹಿರಿಯರೇ ಮಕ್ಕಳಿಗೆ ಹೇಳಿಕೊಟ್ಟಿರುತ್ತಾರೆ: ಸಂಕಲ್ಪ, ಸಿದ್ಧತೆ, ಆರಂಭ ಎಂಬ ಮೂರು, ಮನ, ವಚನ, ಕಾಯಗಳೆಂಬ ಮೂರು ಯೋಗಗಳು, ಮಾಡುವುದು, ಮಾಡಿಸುವುದು, ಅನುಮೋದಿಸುವುದು ಎಂಬ ಮೂರು, ಕಷಾಯಗಳು ನಾಲ್ಕು. ಗುಣಿಸಿದರೆ ನೂರೆಂಟು. ಪಾಪವು ಒಳಬರುವ ನೂರೆಂಟು ದಾರಿಗಳನ್ನು ನೆನಪಿಸಲೆಂದು ಇರುವ ಮಾಲೆಯನ್ನು ಹಿಡಿದೇ ಆ ದಾರಿಗಳಲ್ಲೊಂದನ್ನು ತೆರೆದಂತಾಯಿತು.

ಆ ಸೊಸೆಗೂ ಸಾಮಾಯಿಕದ ಆಸೆಯಿರಬಹುದು. ಒಬ್ಬರ ಧ್ಯಾನದ ಎರಡು ಘಳಿಗೆಯನ್ನು ಅನೇಕ ಮನೆಗಳಲ್ಲಿ ಇನ್ನೊಬ್ಬರು ಒಲೆಯ ಮುಂದೆ ನಿಂತು ಕೊಡುತ್ತಿದ್ದಾರೆ. ಮನೆಯವರೆಲ್ಲ ಸರದಿಯಂತೆ ಕೆಲಸ ಹಂಚಿಕೊಂಡು ಆಕೆಗೂ ದಿನದಲ್ಲಿ ಅಷ್ಟೇ ಹೊತ್ತು ಬಿಡುವು ಮಾಡಿಕೊಟ್ಟರೆ ಅದು ಉಪಕಾರವಲ್ಲ, ಸಲ್ಲಬೇಕಾದ ಪಾಲು. ಸಾಮಾಯಿಕದಲ್ಲಿರುವ ಗೃಹಸ್ಥನನ್ನು ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ, ಯಾರೋ ಬಟ್ಟೆ ಹೊದಿಸಿದ ಮುನಿಗೆ ಹೋಲಿಸಿದ್ದಾರೆ. ಅಷ್ಟು ಹೊತ್ತು ಶ್ರಾವಕನೂ ಮುನಿಯೇ, ಶ್ರಾವಿಕೆಯೂ ಆ ನೆಲೆಗೆ ಹತ್ತಿರದವಳೇ. ಆ ಗೌರವಕ್ಕೆ ಮನೆಯಲ್ಲಿ ಒಬ್ಬರು ಮಾತ್ರ ಅರ್ಹರೆಂದು ಯಾವ ಆಚಾರ್ಯರೂ ಹೇಳಿಲ್ಲ.

ಯೋಗ ಸಾಗುತ್ತಿದೆಯೇ ಎಂದು ಅಳೆಯುವುದು ಹೇಗೆಂಬುದು ಹೊಸಬರ ಕೊನೆಯ ಪ್ರಶ್ನೆ. ಬೆನ್ನು ಎಷ್ಟು ಬಾಗಿತು, ಉಸಿರು ಎಷ್ಟು ಹೊತ್ತು ನಿಂತಿತು ಎಂಬುದು ಅದರ ಅಳತೆಯಲ್ಲ. ಆಸನದಿಂದ ಎದ್ದ ಮೇಲೆ ಮೊದಲ ಮಾತು ಎಷ್ಟು ಮೃದುವಾಗಿ ಬಂತು, ಪಾತ್ರೆ ಬಿದ್ದಾಗ ಮನಸ್ಸು ಎಷ್ಟು ಕಡಿಮೆ ಕದಡಿತು ಎಂಬುದನ್ನು ನೋಡಿಕೊಂಡರೆ ಸಾಕು. ಉತ್ತರ ಮನೆಯವರಿಗೂ ತಿಳಿದಿರುತ್ತದೆ.