ಅನುಕರಣೆಯಿಂದ ಸರಿಸಾಟಿಗೆ

‘ಸರಿಗಟ್ಟು’ ಎಂಬ ಕ್ರಿಯಾಪದಕ್ಕೆ ಸಮನಾಗು, ಸಾಟಿಯಾಗಿ ನಿಲ್ಲು ಎಂದು ಅರ್ಥ. ತನಗಿಂತ ಮೇಲಾದದ್ದೊಂದು ಕಣ್ಣೆದುರಿಗಿದ್ದು, ಆ ಎತ್ತರವನ್ನು ಸ್ವಂತ ಪ್ರಯತ್ನದಿಂದ ಮುಟ್ಟಿದಾಗ ಈ ಮಾತು ಸಲ್ಲುತ್ತದೆ. ಹಿರಿಮೆಯನ್ನು ಒಪ್ಪಿ ಅದರ ಜಾಡು ಹಿಡಿಯುವುದು, ಅದರೊಡನೆ ಪೈಪೋಟಿಗೆ ನಿಲ್ಲುವುದು ಎಂಬ ಎರಡು ಭಾವಗಳು ಇಲ್ಲಿ ಕೂಡಿಕೊಂಡಿವೆ. ಒಂದೊಂದನ್ನೇ ಬಿಡಿಯಾಗಿ ಹೇಳುವ ಮಾತುಗಳು ಕನ್ನಡದಲ್ಲಿ ಹಲವಿವೆ. ಅವೆಲ್ಲ ಪರ್ಯಾಯಪದಗಳಂತೆ ಕಂಡರೂ ಒಂದರ ಜಾಗದಲ್ಲಿ ಇನ್ನೊಂದು ಕೂರುವುದಿಲ್ಲ.

ಮೊದಲ ಗುಂಪು ಅನುಕರಣೆಯದು. ‘ಅನುಕರಿಸು’ ಎಂದರೆ ಒಬ್ಬರು ಮಾಡಿದಂತೆಯೇ ಮಾಡು. ಈ ಪದದಲ್ಲಿ ಮೂಲತಃ ಕೀಳರ್ಥವಿಲ್ಲ. ಭರತನ ನಾಟ್ಯಶಾಸ್ತ್ರ ನಾಟ್ಯವನ್ನೇ ಲೋಕದ ನಡವಳಿಕೆಯ ಅನುಕರಣವೆಂದು ಕರೆದಿದೆ. ದಬದಬ, ಚುರುಚುರು ಮುಂತಾದ ಪದಗಳನ್ನು ಕನ್ನಡ ವ್ಯಾಕರಣ ಅನುಕರಣಾವ್ಯಯಗಳೆಂದು ಗುರುತಿಸುತ್ತದೆ. ‘ಅನುಸರಿಸು’ ಎಂಬುದು ದಾರಿ, ನಿಯಮ, ಉಪದೇಶಗಳಿಗೆ ಹೊಂದುತ್ತದೆ. ಗುರುವಿನ ಮಾತನ್ನು ಅನುಸರಿಸುತ್ತಾರೆ, ಗುರುವಿನ ನಡಿಗೆಯನ್ನು ಅನುಕರಿಸುತ್ತಾರೆ. ‘ನಕಲು ಮಾಡು’ ಎಂಬಲ್ಲಿ ಇದ್ದದ್ದನ್ನು ಇದ್ದಂತೆ ಇಳಿಸಿಕೊಳ್ಳುವ ಭಾವವಿದೆ. ದಾಖಲೆಯ ವಿಷಯದಲ್ಲಿ ಅದು ಕಚೇರಿಯ ಕೆಲಸ, ಪರೀಕ್ಷೆಯ ವಿಷಯದಲ್ಲಿ ಅಪರಾಧ. ‘ಅಣಕಿಸು’ ಎಂಬುದರಲ್ಲಿ ಗೇಲಿಯ ಉದ್ದೇಶ ಇದ್ದೇ ಇರುತ್ತದೆ. ‘ಹೋಲು’ ಎಂಬುದರಲ್ಲಿ ಯಾವ ಪ್ರಯತ್ನವೂ ಇಲ್ಲ. ಮಗು ತಾಯಿಯನ್ನು ಹೋಲುವುದು ಹುಟ್ಟಿನಿಂದ ಬಂದದ್ದು.

ಎರಡನೆಯ ಗುಂಪು ಪೈಪೋಟಿಯದು. ‘ಸ್ಪರ್ಧಿಸು’ ಎಂಬುದಕ್ಕೆ ಎದುರಾಳಿ ಬೇಕು, ಆದರೆ ಆತನ ಬಗ್ಗೆ ಮೆಚ್ಚುಗೆ ಇರಬೇಕೆಂದಿಲ್ಲ. ಚುನಾವಣೆಯಲ್ಲಿ ಸ್ಪರ್ಧಿಸುವವರು ಒಬ್ಬರನ್ನೊಬ್ಬರು ಮಾದರಿಯಾಗಿ ಕಾಣುವುದಿಲ್ಲ. ‘ಸೆಣಸು’ ಎಂಬುದರಲ್ಲಿ ಮೈಬಲ, ಹಟ ಎರಡೂ ಸೇರಿವೆ. ‘ಹುರುಡಿಸು’ ಹಳೆಯ ಮಾತು. ಅದರ ಮೂಲದ ‘ಹುರುಡು’ ಪೈಪೋಟಿಯನ್ನೂ ಮತ್ಸರವನ್ನೂ ಒಟ್ಟಿಗೆ ಸೂಚಿಸುತ್ತದೆ. ‘ಕರುಬು’ ಎಂಬಲ್ಲಿಗೆ ಬರುವಾಗ ಪ್ರಯತ್ನ ಬಿಟ್ಟುಹೋಗಿ ಹೊಟ್ಟೆಕಿಚ್ಚು ಮಾತ್ರ ಉಳಿಯುತ್ತದೆ.

ಈ ಎರಡು ಗುಂಪುಗಳು ಕೂಡುವ ಜಾಗದಲ್ಲಿ ‘ಸರಿಗಟ್ಟು’ ನಿಂತಿದೆ. ಅದರ ಮುಂದಿನ ಹೆಜ್ಜೆ ‘ಮೀರಿಸು’. ಇವೆರಡರ ನಡುವಿನ ಅಂತರ ಕ್ರೀಡಾ ವರದಿಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಏಕದಿನ ಕ್ರಿಕೆಟ್‌ನಲ್ಲಿ ಸಚಿನ್ ತೆಂಡೂಲ್ಕರ್ ಗಳಿಸಿದ್ದ 49 ಶತಕಗಳ ದಾಖಲೆಯನ್ನು ವಿರಾಟ್ ಕೊಹ್ಲಿ 2023ರ ನವೆಂಬರ್ 5ರಂದು ಕೋಲ್ಕತ್ತದಲ್ಲಿ ಸರಿಗಟ್ಟಿದರು. ಅದೇ ತಿಂಗಳ 15ರಂದು ಮುಂಬೈಯಲ್ಲಿ 50ನೆಯ ಶತಕ ಬಾರಿಸಿ ಅದನ್ನು ಮೀರಿಸಿದರು. ಹತ್ತು ದಿನಗಳ ಅಂತರದಲ್ಲಿ ಕ್ರಿಯಾಪದವೇ ಬದಲಾಯಿತು.

ಅಲಂಕಾರಶಾಸ್ತ್ರಕ್ಕೆ ಈ ಪದಗಳ ನಂಟು ಬಹಳ ಹಿಂದೆಯೇ ಗೊತ್ತಿತ್ತು. ಕಾವ್ಯಾದರ್ಶವೆಂಬ ಸಂಸ್ಕೃತ ಗ್ರಂಥದಲ್ಲಿ ದಂಡಿ ಸಾದೃಶ್ಯವನ್ನು ಸೂಚಿಸುವ ಪದಗಳ ದೊಡ್ಡ ಪಟ್ಟಿಯನ್ನೇ ಕೊಟ್ಟಿದ್ದಾನೆ. ಅನುಕರಿಸುವುದು, ಸ್ಪರ್ಧಿಸುವುದು, ಗೆಲ್ಲುವುದು, ಅಸೂಯೆಪಡುವುದು ಎಲ್ಲವೂ ಅದರಲ್ಲಿವೆ. ಮುಖವು ಚಂದ್ರನೊಡನೆ ಸ್ಪರ್ಧಿಸುತ್ತದೆ ಎಂದರೂ ಹೋಲಿಕೆಯೇ ಸಿದ್ಧಿಸುತ್ತದೆಂಬುದು ಅಲ್ಲಿನ ತಿಳಿವಳಿಕೆ. ಆ ಗ್ರಂಥವನ್ನು ಬಹುಮಟ್ಟಿಗೆ ಆಧರಿಸಿಯೇ 9ನೆಯ ಶತಮಾನದ ಕವಿರಾಜಮಾರ್ಗ ಕನ್ನಡಕ್ಕೆ ತನ್ನದೇ ಆದ ಕಾವ್ಯಮಾರ್ಗವನ್ನು ರೂಪಿಸಿತು. ಅದೇ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನ ಕವಿಕವಿಗಳ ನಡುವಣ ಹೋಲಿಕೆಯನ್ನು ಮೂರು ಬಗೆಯಾಗಿ ವಿಂಗಡಿಸಿದ. ಪ್ರತಿಬಿಂಬದಂಥದು, ಚಿತ್ರದಂಥದು, ಒಬ್ಬ ವ್ಯಕ್ತಿಯನ್ನು ಹೋಲುವ ಇನ್ನೊಬ್ಬ ವ್ಯಕ್ತಿಯಂಥದು. ಮೊದಲೆರಡನ್ನು ಕವಿ ಬಿಡಬೇಕು, ಮೂರನೆಯದನ್ನು ಬಿಡಬೇಕಾಗಿಲ್ಲ ಎಂಬುದು ಅವನ ತೀರ್ಮಾನ. ಹೋಲಿಕೆ ಎಷ್ಟೇ ಇದ್ದರೂ ಕೃತಿಗೆ ಸ್ವಂತ ಜೀವವಿದ್ದರೆ ಸಾಕು.

ಈ ಮಾತಿಗೆ ಕನ್ನಡದಲ್ಲಿ ರನ್ನನಿಗಿಂತ ಒಳ್ಳೆಯ ನಿದರ್ಶನವಿಲ್ಲ. ಪಂಪ ತನ್ನ ವಿಕ್ರಮಾರ್ಜುನವಿಜಯದಲ್ಲಿ ಆಶ್ರಯದಾತ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿದ. ಮುಂದಿನ ತಲೆಮಾರಿನ ರನ್ನ ಅದೇ ಉಪಾಯವನ್ನು ಹಿಡಿದು, ಚಾಲುಕ್ಯರ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ಸಾಹಸಭೀಮವಿಜಯವನ್ನು ಬರೆದ. ಗದಾಯುದ್ಧವೆಂದೇ ಹೆಸರಾದ ಈ ಕಾವ್ಯದ ವಸ್ತುವೂ ಪಂಪನ ಆ ಕೃತಿಯಲ್ಲಿ ಆಗಲೇ ಬಂದಿತ್ತು. ಇಲ್ಲಿಯವರೆಗೆ ನಡೆದಿರುವುದು ಅನುಕರಣೆ. ಆದರೆ ಪಂಪ ಇಡೀ ಭಾರತದ ಹರಹಿನಲ್ಲಿ ಹೇಳಿ ಮುಗಿಸಿದ ಪ್ರಸಂಗವೊಂದನ್ನು ರನ್ನ ಹತ್ತು ಆಶ್ವಾಸಗಳ ಕಾವ್ಯವಾಗಿ ಬೆಳೆಸಿ, ನಡೆದುಹೋದ ಕಥೆಯನ್ನೆಲ್ಲ ಸಿಂಹಾವಲೋಕನ ಕ್ರಮದಲ್ಲಿ ಅದರೊಳಕ್ಕೆ ತಂದ. ರಣರಂಗದಲ್ಲಿ ತನ್ನವರ ಶವಗಳ ನಡುವೆ ಅಲೆಯುತ್ತ, ಶತ್ರುವಿನ ಮಗ ಅಭಿಮನ್ಯುವಿನ ಶೌರ್ಯವನ್ನೂ ಮೆಚ್ಚುವ ದುರ್ಯೋಧನ ರನ್ನನ ಸ್ವಂತ ಸಾಧನೆ. ಕಾವ್ಯದ ಹೆಸರು ಭೀಮನದಾದರೂ ಓದುಗರ ಮರುಕ ದುರ್ಯೋಧನನ ಕಡೆಗೇ ಹರಿಯುತ್ತದೆ. ಇದನ್ನು ಅನುಕರಣೆ ಎನ್ನಲಾಗದು. ಇದು ಸರಿಗಟ್ಟಿದ ಕೆಲಸ.

ಇಂದಿನ ವಿಮರ್ಶೆಯಲ್ಲಿ ‘ಅನುಕರಣೆ’ ಎಂಬುದು ಬೈಗುಳದಂತೆ ಬಳಕೆಯಾಗುತ್ತಿದೆ. ಹಿರಿಯರ ಛಾಯೆ ಕಂಡೊಡನೆ ಹೊಸಬರ ಮೇಲೆ ಆ ಮುದ್ರೆ ಒತ್ತಿಬಿಡುವುದು ಸುಲಭ. ಕೃತಿಯೊಂದು ಹಿರಿಯರನ್ನು ನಕಲು ಮಾಡಿದೆಯೋ, ಅನುಕರಿಸಿ ಕಲಿತಿದೆಯೋ, ಕಲಿತು ಸರಿಗಟ್ಟಿದೆಯೋ ಎಂದು ಬಿಡಿಸಿ ಹೇಳುವುದೇ ವಿಮರ್ಶಕರ ಕೆಲಸ. ಅದಕ್ಕೆ ಬೇಕಾದ ಪದಗಳು ಕನ್ನಡದಲ್ಲಿ ಸಾಕಷ್ಟಿವೆ. ಬರೆಯುವವರು ಅವನ್ನು ಅರಿತು, ಆಯ್ದು ಬಳಸಬೇಕು.