ಮನೆಯ ಆರೋಗ್ಯ: ಕೆರಳುವ ಕರುಳೂ ಉರಿಯೂತದ ಪರೀಕ್ಷೆಯೂ

ಹೊಟ್ಟೆ ನುಲಿಯುವುದು, ಉಬ್ಬರಿಸುವುದು, ಕೆಲವು ದಿನ ಭೇದಿ, ಕೆಲವು ದಿನ ಮಲಬದ್ಧತೆ: ಇವು ತಿಂಗಳುಗಟ್ಟಲೆ ಬಾಧಿಸಲು ರೋಗಿಯು ವೈದ್ಯರಲ್ಲಿಗೆ ಹೋಗುವನು. ರಕ್ತವನ್ನೂ ಮಲವನ್ನೂ ಪರೀಕ್ಷಿಸಿದ ಮೇಲೆ ‘ದೋಷವೇನೂ ಕಾಣದು’ ಎಂಬ ವರದಿ ಬರುವುದುಂಟು. ಆಗ ಮನೆಯವರು ಎಲ್ಲವೂ ಮನಸ್ಸಿನ ಭ್ರಮೆಯೆನ್ನುವರು. ರೋಗಿಯಾದರೋ ಮತ್ತೊಂದು ಪ್ರಯೋಗಶಾಲೆಯನ್ನು ಹುಡುಕುವನು. ಇವೆರಡೂ ಸರಿಯಲ್ಲವೆಂಬುದನ್ನು ವಾಚಕರಿಗೆ ತಿಳಿಸಬೇಕೆಂದು ನಾವು ಬಯಸುವೆವು.

ಇಲ್ಲಿ ವಿಚಾರಿಸತಕ್ಕ ಬೇನೆಗಳು ಎರಡು ಬಗೆ. ಕ್ರೋನ್ ರೋಗ, ಅಲ್ಸರೇಟಿವ್ ಕೊಲೈಟಿಸ್ ಎಂಬವುಗಳಲ್ಲಿ ಕರುಳಿನ ಗೋಡೆಯು ನಿಜವಾಗಿಯೂ ಉರಿಯೂತದಿಂದ ಹುಣ್ಣಾಗುವುದು. ಇರಿಟಬಲ್ ಬವೆಲ್ ಸಿಂಡ್ರೋಮ್, ಅಂದರೆ ಐ.ಬಿ.ಎಸ್. ಎಂಬುದರಲ್ಲಿ ಅಂತಹ ಹುಣ್ಣಿರುವುದಿಲ್ಲ. ಕರುಳಿನ ಚಲನೆಯೂ, ಕರುಳಿಗೂ ಮಿದುಳಿಗೂ ನಡುವಣ ನರಗಳ ವ್ಯವಹಾರವೂ ಕೆಟ್ಟಿರುತ್ತವೆ. ಹೊರಲಕ್ಷಣಗಳು ಮಾತ್ರ ಮೊದಮೊದಲು ಒಂದೇ ತೆರನಾಗಿ ತೋರುವುವು.

ಇವನ್ನು ಬೇರ್ಪಡಿಸುವುದಕ್ಕಾಗಿಯೇ ಪರೀಕ್ಷೆಗಳಿವೆ. 1930ರಲ್ಲಿ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬವರು ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಕಂಡ ಸಿ-ರಿಯಾಕ್ಟಿವ್ ಪ್ರೋಟೀನು ಅವುಗಳಲ್ಲೊಂದು. ದೇಹದಲ್ಲಿ ಎಲ್ಲಿ ಉರಿಯೂತವಾದರೂ ಯಕೃತ್ತು ಇದನ್ನು ಹೆಚ್ಚಾಗಿ ಹುಟ್ಟಿಸುವುದರಿಂದ, ಇದು ಕರುಳನ್ನೇ ಬೆರಳಿಟ್ಟು ತೋರಿಸಲಾರದು. ಅಲ್ಸರೇಟಿವ್ ಕೊಲೈಟಿಸ್ ಇರುವಾಗಲೂ ಕೆಲವರಲ್ಲಿ ಏರದೆ ಇರುವುದುಂಟು. ಇದಕ್ಕಿಂತ ಹತ್ತಿರದ ಸಾಕ್ಷಿ ಮಲದಲ್ಲಿನ ಕ್ಯಾಲ್‌ಪ್ರೊಟೆಕ್ಟಿನ್. ಇದು ನ್ಯೂಟ್ರೊಫಿಲ್ ಎಂಬ ಬಿಳಿಯ ರಕ್ತಕಣಗಳಲ್ಲಿ ಯಥೇಚ್ಛವಾಗಿರುವ ಪ್ರೋಟೀನು. ಕರುಳು ಊದಿಕೊಂಡಾಗ ಆ ಕಣಗಳು ಅಲ್ಲಿಗೆ ಧಾವಿಸಿ ಮಲದೊಡನೆ ಹೊರಬೀಳುವುವು. ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಮೆಯಿದ್ದರೆ ಉರಿಯೂತದ ಸಂಭವವು ಬಹು ಅಲ್ಪವೆಂದು ಸಾಮಾನ್ಯವಾಗಿ ಎಣಿಸುವರು. ಬ್ರಿಟನ್ನಿನ ನೈಸ್ ಸಂಸ್ಥೆಯು 2013ರಲ್ಲಿ, ಕ್ಯಾನ್ಸರಿನ ಶಂಕೆಯಿಲ್ಲದ ರೋಗಿಗಳಲ್ಲಿ ಈ ಎರಡು ಬಗೆಗಳನ್ನು ವಿಂಗಡಿಸಲು ಇದೇ ಪರೀಕ್ಷೆಯನ್ನು ಸೂಚಿಸಿತು. ಇದರಿಂದ ಎಷ್ಟೋ ಮಂದಿಗೆ ನಳಿಕೆಯಿಟ್ಟು ಕರುಳನ್ನು ನೋಡುವ ಶ್ರಮವು ತಪ್ಪುವುದು.

ಆದರೆ ಅಂಕೆಯು ಏರಿದ ಮಾತ್ರಕ್ಕೆ ಗಾಬರಿಗೊಳ್ಳಬಾರದು. ಸಾಂಕ್ರಾಮಿಕ ಭೇದಿ, ಕರುಳಿನ ಕ್ಷಯ, ಐಬುಪ್ರೊಫೆನ್ ಮೊದಲಾದ ನೋವಿನ ಗುಳಿಗೆಗಳು ಇವೂ ಅದನ್ನು ಏರಿಸುವುವು. ಆದುದರಿಂದ ಯಾವ ಔಷಧವನ್ನು ಸೇವಿಸುತ್ತಿರುವೆವೆಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳತಕ್ಕದ್ದು.

ಇನ್ನು ಅಂಕೆಯು ಕಡಮೆಯಿದ್ದರೆ? ಹುಣ್ಣಿಲ್ಲವೆಂಬುದಕ್ಕೆ ಅದು ಸಾಕ್ಷಿಯೇ ಹೊರತು ನೋವಿಲ್ಲವೆಂಬುದಕ್ಕಲ್ಲ. ಆಮಶಂಕೆಯಂತಹ ಸೋಂಕು ವಾಸಿಯಾದ ಬಳಿಕವೂ ಕೆಲವರಲ್ಲಿ ಐ.ಬಿ.ಎಸ್. ಉಳಿದುಬಿಡುವುದು. ಕೆಲವು ರೋಗಿಗಳ ಕರುಳಿನ ತುಣುಕನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನರಗಳ ಬಳಿ ಮಾಸ್ಟ್ ಕಣಗಳು ಹೆಚ್ಚಾಗಿ ಕಂಡಿರುವುವು. ಇಷ್ಟು ಸೂಕ್ಷ್ಮವಾದುದು ಸಾಮಾನ್ಯ ರಕ್ತಪರೀಕ್ಷೆಗೆ ಸಿಕ್ಕದು. ಐ.ಬಿ.ಎಸ್. ಇದೆಯೆಂದು ತಾನೊಂದೇ ಸಾರುವ ಪರೀಕ್ಷೆಯು ಇಲ್ಲದಿರುವುದರಿಂದ ವೈದ್ಯರು ರೋಗಿಯ ವೃತ್ತಾಂತವನ್ನು ಕೇಳಿಯೇ ಅದನ್ನು ನಿರ್ಣಯಿಸುವರು.

ಹಾಗೆಂದು ಉದಾಸೀನವೂ ಸಲ್ಲದು. ಮಲದಲ್ಲಿ ರಕ್ತ, ಕಾರಣವಿಲ್ಲದೆ ದೇಹ ಇಳಿಯುವುದು, ಜ್ವರ, ರಕ್ತಹೀನತೆ, ನಿದ್ದೆಯಿಂದೆಬ್ಬಿಸುವ ಭೇದಿ, 50 ವರ್ಷ ದಾಟಿದ ಮೇಲೆ ಹೊಸದಾಗಿ ತೊಡಗಿದ ಬೇನೆ: ಇವುಗಳಲ್ಲಿ ಒಂದಿದ್ದರೂ ಹಳೆಯ ವರದಿಯನ್ನು ನಂಬಿ ಕೂರದೆ ಕೂಡಲೆ ವೈದ್ಯರನ್ನು ಕಾಣತಕ್ಕದ್ದು. ಇವಾವುವೂ ಇಲ್ಲದೆ ವೈದ್ಯರು ಐ.ಬಿ.ಎಸ್. ಎಂದು ತೀರ್ಮಾನಿಸಿದ್ದರೆ, ಪರೀಕ್ಷೆಗೆ ವೆಚ್ಚವಾಗುವ ಹಣವನ್ನುಳಿಸಿ, ಆಹಾರ, ನಿದ್ರೆ, ಔಷಧಗಳಲ್ಲಿ ಅವರ ಮಾತಿನಂತೆ ನಡೆಯುವುದು ಲೇಸು. ಮನೆಯವರೂ ಆ ನೋವನ್ನು ನಿಜವೆಂದು ನಂಬಿ ನಡೆದುಕೊಳ್ಳುವರೆಂದು ನಾವು ಆಶಿಸುವೆವು.